ಓದಿದ್ದೆಲ್ಲ ಸೊನ್ನೆ ಮಾಡುವ ಸಿಂಕ್: ಇ-ರೀಡರ್ ಕಂಪನಿಗೊಂದು ದೂರು ಪತ್ರ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಸಿಂಕ್ ಮಾಡುವಾಗ (ರೀಡರ್ ಮತ್ತು ಕಂಪ್ಯೂಟರಿನ ದಾಖಲೆಗಳನ್ನು ಒಂದಕ್ಕೊಂದು ಹೊಂದಿಸುವಾಗ) ಓದಿನ ಪ್ರಗತಿ ಅಳಿಸಿಹೋಗುತ್ತಿರುವ ಬಗ್ಗೆ

ಮಾನ್ಯರೇ,

ನಾನು ನಿಮ್ಮ ಇ-ರೀಡರನ್ನೂ ಅದರ ಜೊತೆಗೆ ನೀವೇ ಕೊಡುವ ಗ್ರಂಥಾಲಯ ತಂತ್ರಾಂಶವನ್ನೂ ಬಳಸುತ್ತಿದ್ದೇನೆ. ಶೇ. 68ರಷ್ಟು ಓದಿದ್ದ ಒಂದು ಪುಸ್ತಕದಲ್ಲಿ ಲೇಖಕರ ಹೆಸರಿನ ಕಾಗುಣಿತ ತಪ್ಪಿತ್ತು. ಕಂಪ್ಯೂಟರಿನಲ್ಲಿ ಅದನ್ನು ತಿದ್ದಿ ಪುಸ್ತಕವನ್ನು ಮತ್ತೆ ರೀಡರಿಗೆ ಕಳಿಸಿದೆ. ರೀಡರ್ ಅದನ್ನು ಹೊಸ ಪುಸ್ತಕವೆಂದು ತಿಳಿದು ಶೇ. 0 ತೋರಿಸಿತು. ಅಷ್ಟಕ್ಕೇ ನಿಂತಿದ್ದರೆ ಓದಿದ ಜಾಗವನ್ನು ಹುಡುಕಿಕೊಳ್ಳುತ್ತಿದ್ದೆ. ಆದರೆ ಮುಂದಿನ ಸಿಂಕ್‌ನಲ್ಲಿ ಆ ಸೊನ್ನೆಯೇ ಕಂಪ್ಯೂಟರಿಗೂ ಬಂದು, ಅಲ್ಲಿದ್ದ 68ನ್ನು ಅಳಿಸಿಹಾಕಿತು. ಒಂದು ಮಾತು ಕೇಳಲಿಲ್ಲ.

ಫೈಲಿನ ಹ್ಯಾಶ್ (ಫೈಲಿನೊಳಗಿರುವುದೆಲ್ಲವನ್ನೂ ಲೆಕ್ಕಹಾಕಿ ಪಡೆಯುವ ಸಂಕೇತ) ನೋಡಿ ಪುಸ್ತಕ ಗುರುತಿಸುತ್ತೇವೆ ಎಂದು ನಿಮ್ಮ ಸಿಬ್ಬಂದಿ ಉತ್ತರಿಸಿದ್ದಾರೆ. ತೊಂದರೆ ಇರುವುದೇ ಅಲ್ಲಿ. ಇ-ಪುಸ್ತಕಗಳ ಫೈಲ್ ರೂಪವಾದ ಇಪಬ್ ಎಂದರೆ ಹಲವು ಫೈಲುಗಳನ್ನು ಒಟ್ಟುಗೂಡಿಸಿದ ಜಿಪ್ ಕಟ್ಟು. ಶೀರ್ಷಿಕೆ, ಲೇಖಕರ ಹೆಸರು ಅದರೊಳಗಿನ ಒಂದು ಸಣ್ಣ ಫೈಲಿನಲ್ಲಿರುತ್ತವೆ. ಅಲ್ಲಿ ಒಂದಕ್ಷರ ತಿದ್ದಿದರೂ ಇಡೀ ಕಟ್ಟಿನ ಹ್ಯಾಶ್ ಬದಲಾಗುತ್ತದೆ, ಓದುವ ಪಠ್ಯದಲ್ಲಿ ಒಂದು ಚುಕ್ಕೆಯೂ ಬದಲಾಗಿರುವುದಿಲ್ಲ. ಪ್ರತಿ ಇಪಬ್‌ಗೂ ತನ್ನದೇ ಗುರುತು ಸಂಖ್ಯೆ ಇರಬೇಕೆಂದು ಆ ಮಾನದಂಡವೇ ಹೇಳುತ್ತದೆ. ಅದನ್ನು ನೋಡುವುದು ಬಿಟ್ಟು ಹ್ಯಾಶ್ ಒಂದನ್ನೇ ನಂಬುವುದು ಸರಿಯಲ್ಲ. ಪುಸ್ತಕಗಳ ವಿವರ ಅಚ್ಚುಕಟ್ಟಾಗಿಡಲೆಂದೇ ಗ್ರಂಥಾಲಯ ತಂತ್ರಾಂಶ ಇರುವುದು. ಹಾಗೆ ಇಟ್ಟುಕೊಂಡವರಿಗೇ ಈ ನಷ್ಟ!

ರೀಡರನ್ನು ರೀಸೆಟ್ ಮಾಡಿ ಎಂಬುದು ನೀವು ಕೊಟ್ಟ ಪರಿಹಾರ. ಹಾಗೆ ಮಾಡಿದರೆ ಉಳಿದ ಪುಸ್ತಕಗಳ ಪ್ರಗತಿಯೂ, ನಾನು ಗುರುತು ಹಾಕಿಕೊಂಡ ಸಾಲುಗಳೂ ಹೋಗುತ್ತವೆ. ಇದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಬ್ಯಾಟರಿ ಪೂರ್ತಿ ಖಾಲಿಯಾದಾಗ ರೀಡರಿನ ಗಡಿಯಾರ ಹಿಂದಕ್ಕೆ ಹೋಗಿ, ಆಮೇಲೆ ಓದಿದ್ದಕ್ಕೂ ಹಳೆಯ ದಿನಾಂಕ ಬೀಳುತ್ತದೆ. ಕೊನೆಯ ದಿನಾಂಕದ ದಾಖಲೆಯೇ ಸರಿ ಎಂಬ ನಿಮ್ಮ ನಿಯಮದಿಂದ ಆಗ ಹಳೆಯ ಪ್ರಗತಿ ಹೊಸದನ್ನು ಹಿಂದಕ್ಕೆ ತಳ್ಳುತ್ತದೆ. ಇದನ್ನೂ ಗಮನಿಸಿ.

ಪುಸ್ತಕದ ಗುರುತು ಸಂಖ್ಯೆಯಿಂದಲೇ ಪ್ರಗತಿಯನ್ನು ಹೊಂದಿಸಬೇಕು. ಕಡಿಮೆ ಅಂಕಿಯೊಂದು ಹೆಚ್ಚಿನದನ್ನು ಅಳಿಸುವ ಮುನ್ನ ನನ್ನನ್ನು ಕೇಳಲೇಬೇಕು. ಸಿಂಕ್ ಆಗುವ ಮುಂಚಿನ ದಾಖಲೆ ನಿಮ್ಮ ಸರ್ವರಿನಲ್ಲಿದ್ದರೆ ಅದನ್ನು ನನಗೆ ಮರಳಿ ಕೊಡಿ, ಇಲ್ಲದಿದ್ದರೆ ಇಲ್ಲವೆಂದು ಬರೆದು ತಿಳಿಸಿ. ತಿದ್ದುಪಡಿ ಯಾವ ಆವೃತ್ತಿಯಲ್ಲಿ ಬರುತ್ತದೆ ಎಂಬುದನ್ನೂ ಅದೇ ಉತ್ತರದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ.

ಇತಿ,
ನಿಮ್ಮ ಗ್ರಾಹಕ