ಇಬ್ಬರು ಈಸ್ಟ್‌ಲೇಕ್‌ರು: ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಕುರಿತ ಲೇಖನ ಓದಿ ಸಂತೋಷವಾಯಿತು. ಚಿತ್ರಕಲೆಗೆ ಅರ್ಧ ಪುಟ ಕೊಡುವ ಧೈರ್ಯ ಈಗ ಎಷ್ಟು ಪತ್ರಿಕೆಗಳಿಗಿದೆ? ಆದರೆ ಅದರಲ್ಲೊಂದು ತಪ್ಪು ನುಸುಳಿದೆ. ಗ್ಯಾಲರಿಯ ಮೊದಲ ನಿರ್ದೇಶಕರಾದ ಚಾರ್ಲ್ಸ್ ಈಸ್ಟ್‌ಲೇಕ್ ಅವರು ಮೇಜು, ಕುರ್ಚಿ, ಬೀರುಗಳ ಶೈಲಿಯಿಂದ ಹೆಸರಾದವರು ಎಂದು ಬರೆಯಲಾಗಿದೆ. ಪೀಠೋಪಕರಣಗಳ ಈಸ್ಟ್‌ಲೇಕ್ ಬೇರೆ. ಆತ ಇವರ ಸೋದರನ ಮಗ. ಚಿಕ್ಕಪ್ಪನ ಹೆಸರನ್ನೇ ಇಟ್ಟುಕೊಂಡು, ಮುಂದೆ ಅದೇ ಗ್ಯಾಲರಿಯಲ್ಲಿ ಕೀಪರ್ (ಸಂಗ್ರಹದ ಉಸ್ತುವಾರಿ) ಹುದ್ದೆಯನ್ನೂ ಹಿಡಿದದ್ದರಿಂದ ಎಂಥವರೂ ಎಡವುತ್ತಾರೆ. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

ಪತ್ರ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದ ನನಗೆ ಈ ಚಿಕ್ಕಪ್ಪನ ಮೇಲೆ ಒಂದು ಕೈ ಹೆಚ್ಚು ಅಭಿಮಾನ.

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಮೂರು ದಿನ ಆ ಗ್ಯಾಲರಿಯಲ್ಲೇ ಕಳೆದೆ. ಪ್ರವೇಶಕ್ಕೆ ದುಡ್ಡಿಲ್ಲ, ಕೂರಲು ಬೆಂಚುಗಳಿವೆ, ಪಿಂಚಣಿದಾರನಿಗೆ ಇನ್ನೇನು ಬೇಕು. ಚಿತ್ರದ ಪಕ್ಕದ ಚೀಟಿಯಲ್ಲಿ ಅದನ್ನು ಕೊಂಡ ವರ್ಷವನ್ನು ಸಣ್ಣಕ್ಷರದಲ್ಲಿ ನಮೂದಿಸಿರುತ್ತಾರೆ. ಉಚ್ಚೆಲ್ಲೊನ ಯುದ್ಧದ ಚಿತ್ರ, 1857. ಪೊಲ್ಲಾಯುವೊಲೊ ಸೋದರರ ಸಂತ ಸೆಬಾಸ್ಟಿಯನ್, ಅದೂ 1857. ಪಿಯೆರೊ ದೆಲ್ಲ ಫ್ರಾಂಚೆಸ್ಕನ ಕ್ರಿಸ್ತನ ದೀಕ್ಷಾಸ್ನಾನ, 1861. ತೋಟದಲ್ಲಿ ಪ್ರಾರ್ಥಿಸುವ ಕ್ರಿಸ್ತನನ್ನು ಬರೆದ ಬೆಲ್ಲಿನಿಯ ಫಲಕ, 1863. ಆ ಹತ್ತು ವರ್ಷ ಇಷ್ಟು ಒಳ್ಳೆಯ ಸಂತೆ ಮಾಡಿದವರು ಯಾರಪ್ಪಾ ಎಂದು ಹುಡುಕಿದಾಗ ಸಿಕ್ಕಿದ ಹೆಸರು ಈಸ್ಟ್‌ಲೇಕ್. ಒಂದು ಚೀಟಿ ಮಾತ್ರ ನನ್ನ ಲೆಕ್ಕಕ್ಕೆ ಕೂಡಿಬರಲಿಲ್ಲ. ಅದೇ ಪಿಯೆರೊನ ಸಂತ ಮೈಕೇಲ್, 1867. ಈಸ್ಟ್‌ಲೇಕ್ ತೀರಿಕೊಂಡದ್ದು 1865ರಲ್ಲಿ.

ಹುಟ್ಟಿದ್ದು 1793ರಲ್ಲಿ, ಪ್ಲಿಮತ್ ಎಂಬ ಬಂದರು ಊರಿನಲ್ಲಿ. 1815ರಲ್ಲಿ ಸೋತು ಶರಣಾದ ನೆಪೋಲಿಯನ್ನನನ್ನು ಹೊತ್ತ ಬೆಲ್ಲೆರೊಫನ್ ಹಡಗು ಅದೇ ಬಂದರಿನಾಚೆ ಲಂಗರು ಹಾಕಿತು. ಊರಿನ ಜನ ಜಾತ್ರೆಯಂತೆ ದೋಣಿ ಕಟ್ಟಿಕೊಂಡು ನೋಡಲು ಹೋದರು. ಇಪ್ಪತ್ತೊಂದರ ಈ ಹುಡುಗನೂ ಹೋದ, ಆದರೆ ಕೈಯಲ್ಲಿ ಕಾಗದ, ಪೆನ್ಸಿಲ್ ಇತ್ತು. ಆ ರೇಖಾಚಿತ್ರಗಳಿಂದ ಬರೆದ ದೊಡ್ಡ ಚಿತ್ರ ಒಳ್ಳೆಯ ಬೆಲೆಗೆ ಹೋಯಿತು, ಮರುವರ್ಷವೇ ಇಟಲಿಯ ದಾರಿ ತೆರೆಯಿತು. 1830ರವರೆಗೆ ರೋಮ್ ಅವರ ಮನೆ. 1828ರಲ್ಲಿ ಅಲ್ಲಿಗೆ ಬಂದ ಇಂಗ್ಲಿಷ್ ಚಿತ್ರಕಾರ ಟರ್ನರ್‌ಗೆ ಚಿತ್ರ ಬರೆಯಲು ಜಾಗ ಕೊಟ್ಟವರೂ ಇವರೇ.

ನಿಜ ಹೇಳಬೇಕೆಂದರೆ, ಅವರ ಚಿತ್ರಗಳು ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ಇಟಲಿಯ ದರೋಡೆಕೋರರು, ಯಾತ್ರಿಕರು, ದುಂಡು ಮುಖದ ತಾಯಂದಿರು: ಎಲ್ಲವೂ ಅಚ್ಚುಕಟ್ಟು, ಯಾವುದರಲ್ಲೂ ಕಿಚ್ಚಿಲ್ಲ. ಕುಂಚವೊಂದನ್ನೇ ನೆಚ್ಚಿಕೊಂಡಿದ್ದರೆ ಇಂದು ಅವರನ್ನು ಕೇಳುವವರು ಯಾರೂ ಇರುತ್ತಿರಲಿಲ್ಲ. ಆದರೆ ಬಣ್ಣ ಹೇಗೆ ಕೂರುತ್ತದೆ, ಹೇಗೆ ಒಣಗುತ್ತದೆ, ನೂರು ವರ್ಷದ ಮೇಲೆ ಯಾಕೆ ಕಪ್ಪಾಗುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹಳೆಯ ಹಸ್ತಪ್ರತಿಗಳೊಂದಿಗೆ ತಾಳೆ ಹಾಕಿ ನೋಡುವ ತಾಳ್ಮೆಯೂ ಇತ್ತು. ಜರ್ಮನ್ ಕವಿ ಗಯಟೆಯ ವರ್ಣಸಿದ್ಧಾಂತವನ್ನು 1840ರಲ್ಲಿ ಇಂಗ್ಲಿಷಿಗೆ ತಂದರು. ಅದನ್ನೋದಿದ ಟರ್ನರ್ ಮೂರು ವರ್ಷದಲ್ಲಿ ಗಯಟೆಯ ಹೆಸರನ್ನೇ ಹೊತ್ತ ಒಂದು ಚಿತ್ರ ಬರೆದ. 1847ರಲ್ಲಿ ತೈಲಚಿತ್ರದ ಇತಿಹಾಸದ ಮೇಲೆ ದೊಡ್ಡ ಪುಸ್ತಕ ತಂದರು. ಎಣ್ಣೆಬಣ್ಣವನ್ನು ಕಂಡುಹಿಡಿದದ್ದು ಹದಿನೈದನೆಯ ಶತಮಾನದ ಫ್ಲೆಮಿಶ್ ಚಿತ್ರಕಾರ ವಾನ್ ಐಕ್ ಎಂಬ ಹಳೆಯ ಕತೆಯನ್ನು ಎದುರಿಸಲು ಅವರು ತೆರೆದದ್ದು ಲೆಕ್ಕದ ಪುಸ್ತಕಗಳನ್ನು. ವಾನ್ ಐಕ್‌ಗಿಂತ ಎರಡು ಶತಮಾನ ಮೊದಲೇ ಇಂಗ್ಲೆಂಡಿನ ಅರಮನೆ, ಇಗರ್ಜಿಗಳ ಖರ್ಚುಪಟ್ಟಿಯಲ್ಲಿ ಚಿತ್ರಗಾರರಿಗೆಂದು ಎಣ್ಣೆ ಕೊಂಡ ಬಾಬತ್ತುಗಳಿದ್ದವು. ಆ ಪುಸ್ತಕದ ತುಂಬ ಅಗಸೆ ಎಣ್ಣೆಯ ಮಾತು. ನಮ್ಮ ಕಡೆ ಚಟ್ನಿಪುಡಿ ಕುಟ್ಟುವ ಅದೇ ಅಗಸೆ ಎಂದು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಪುಸ್ತಕ ಬಂದ ವರ್ಷವೇ ಅವರು ಮಾನ ಕಳೆದುಕೊಂಡು ಗ್ಯಾಲರಿಯಿಂದ ಹೊರಬಿದ್ದಿದ್ದರು. 1843ರಿಂದ ಅವರು ಅಲ್ಲಿ ಕೀಪರ್. 1845ರಲ್ಲಿ ಹದಿನಾರನೆಯ ಶತಮಾನದ ಜರ್ಮನ್ ಚಿತ್ರಕಾರ ಹೊಲ್ಬೈನ್ ಬರೆದದ್ದೆಂದು ಆರುನೂರಕ್ಕೂ ಹೆಚ್ಚು ಪೌಂಡ್ ಕೊಟ್ಟು ತಂದ ಫಲಕ ಹೊಲ್ಬೈನನದಲ್ಲ ಎಂದು ಬೇಗನೆ ಬಯಲಾಯಿತು. ಬುರುಡೆಯ ಮೇಲೆ ಕೈಯಿಟ್ಟ ಆ ಮನುಷ್ಯ ಇವತ್ತಿಗೂ ಗ್ಯಾಲರಿಯ ಸಂಗ್ರಹದಲ್ಲಿದ್ದಾನೆ. ಅದರ ಬೆನ್ನಿಗೇ ರೂಬೆನ್ಸ್, ಟಿಷಿಯನ್‌ರ ಚಿತ್ರಗಳಿಂದ ಹಳೆಯ ವಾರ್ನಿಷ್ ತೆಗೆಸಿದ್ದು ದೊಡ್ಡ ಗಲಾಟೆಯಾಯಿತು. ಕಂದು ಬಣ್ಣಕ್ಕೆ ಒಗ್ಗಿಹೋಗಿದ್ದ ಕಣ್ಣಿಗೆ ನೀಲಿ ಚುಚ್ಚಿತು. ದಾಳಿ ನಡೆದದ್ದು ಎಲ್ಲಿ ಗೊತ್ತೇ? 'ದಿ ಟೈಮ್ಸ್' ಪತ್ರಿಕೆಯ ಸಂಪಾದಕರಿಗೆ ಬಂದ ಪತ್ರಗಳಲ್ಲಿ! ಮಾರಿಸ್ ಮೂರ್ ಎಂಬಾತ 'ವೇರಾಕ್ಸ್', ಅಂದರೆ ಸತ್ಯವಾದಿ, ಎಂಬ ಗುಪ್ತನಾಮದಲ್ಲಿ ಸಾಲುಸಾಲಾಗಿ ಬರೆದ. ಕಲಾವಿಮರ್ಶಕ ರಸ್ಕಿನ್ ಕೂಡ ದನಿಗೂಡಿಸಿದ. ನಮ್ಮ ವಾಚಕರ ವಾಣಿಯ ಶೂರರಿಗೆ ಹಳೆಯ ವಂಶಾವಳಿಯೇ ಇದೆ. ಈಸ್ಟ್‌ಲೇಕ್ 1847ರಲ್ಲಿ ರಾಜೀನಾಮೆ ಕೊಟ್ಟರು.

ಹಾಗೆ ಹೋದವರನ್ನೇ 1855ರಲ್ಲಿ ಮೊದಲ ನಿರ್ದೇಶಕರನ್ನಾಗಿ ಕರೆತಂದರು. ಆ ಹೊತ್ತಿಗೆ ಅವರು ಬ್ರಿಟನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಅಧ್ಯಕ್ಷರೂ ಹೌದು. ಕೊಳ್ಳಲು ವರ್ಷಕ್ಕೆ 10,000 ಪೌಂಡ್, ಜೊತೆಗೆ ಸಂಚಾರಿ ಏಜೆಂಟನಾಗಿ ಆಟೊ ಮುಂಡ್ಲರ್. ಪ್ರತಿ ಶರತ್ಕಾಲ ಹೆಂಡತಿ ಎಲಿಜಬೆತ್ ಅವರೊಂದಿಗೆ ಇಟಲಿಯ ಇಗರ್ಜಿ, ಹಳೆಯ ಮನೆತನಗಳ ಹಜಾರ, ದಲ್ಲಾಳಿಗಳ ಕೋಣೆಗಳನ್ನು ಸುತ್ತುವುದು. ಆಕೆಯೂ ಕಲಾ ವಿದ್ವಾಂಸೆ, ಹರಿತ ಲೇಖನಿಯವರು. ಟಿಪ್ಪಣಿ ಪುಸ್ತಕಗಳಲ್ಲಿ ಈಸ್ಟ್‌ಲೇಕ್ ಬರೆದಿಟ್ಟದ್ದು ಹೊಗಳಿಕೆಯಲ್ಲ, ಚಿತ್ರದ ಆರೋಗ್ಯ: ಎಲ್ಲಿ ಸವೆದಿದೆ, ಎಲ್ಲಿ ಬೇರೆ ಕೈ ಬಣ್ಣ ಮೆತ್ತಿದೆ, ಯಾವುದನ್ನು ಕೊಳ್ಳಬಾರದು. ಹೊಲ್ಬೈನ್ ಕಲಿಸಿದ ಪಾಠ ಎಂದು ನಾನು ಊಹಿಸುತ್ತೇನೆ.

1857ರಲ್ಲಿ ವೆರೊನೆಸೆಯ ಒಂದು ಬೃಹತ್ ಚಿತ್ರಕ್ಕೆ 13,650 ಪೌಂಡ್ ಕೊಟ್ಟಾಗ ಪಾರ್ಲಿಮೆಂಟಿನಲ್ಲಿ ಕೂಗೆದ್ದಿತು. ಮರುವರ್ಷ ಮುಂಡ್ಲರ್ ಹುದ್ದೆಗೆ ಕತ್ತರಿ ಬಿತ್ತು. ನಾಲ್ಕು ವರ್ಷದ ಮೇಲೆ ಪಿಯೆರೊನ ದೀಕ್ಷಾಸ್ನಾನಕ್ಕೆ ಹೋದದ್ದು ಸುಮಾರು 241 ಪೌಂಡ್. ಅದರ ಮುಂದೆ ನಾನು ಮುಕ್ಕಾಲು ಗಂಟೆ ಕುಳಿತಿದ್ದೆ. ಕ್ರಿಸ್ತನ ನೆತ್ತಿಯ ಮೇಲಿನ ಪಾರಿವಾಳ ಮೋಡದ ಆಕಾರದ್ದೇ, ಎರಡನೆಯ ಸಲ ನೋಡಿದಾಗಲಷ್ಟೇ ಹಕ್ಕಿಯಾಗುತ್ತದೆ. ಹಿಂದೆ ಒಬ್ಬ ಅಂಗಿಯನ್ನು ತಲೆಯ ಮೇಲಿಂದ ಎಳೆಯುತ್ತ ಅದರಲ್ಲೇ ಸಿಕ್ಕಿಕೊಂಡಿದ್ದಾನೆ. ಸರದಿ ಬರುವ ಮೊದಲೇ ಅವಸರ ಮಾಡಿಕೊಂಡ ನಮ್ಮ ಹೊಳೆದಂಡೆಯ ಯಾವನೋ ಹುಡುಗನ ಹಾಗೆ. ಆಗ ಪಿಯೆರೊ ಬೇಕೆನ್ನುವವರು ವಿರಳ. ಹೀಗೆ ಅವರು ಗ್ಯಾಲರಿಗೆ ತಂದ ಚಿತ್ರಗಳು ನೂರಕ್ಕೂ ಹೆಚ್ಚು. ಕಲೆಯ ಬೆಳವಣಿಗೆ ಜನರಿಗೆ ಕಾಣಬೇಕೆಂದು ತಮಗೇ ಚೆಂದವೆನಿಸದ ಹದಿಮೂರನೆಯ ಶತಮಾನದ ಫಲಕವನ್ನೂ ತಂದರು. ಈ ಗುಣ ಎಲ್ಲ ಸಂಗ್ರಾಹಕರಿಗೆ ಇರುವುದಿಲ್ಲ.

ಕೊನೆಯ ತಿರುಗಾಟದಲ್ಲಿ ಮಿಲಾನಿನಲ್ಲಿ ಕಾಯಿಲೆ ಬಿದ್ದು, 1865ರ ಡಿಸೆಂಬರ್ 24ರಂದು ಪೀಸಾದಲ್ಲಿ ತೀರಿಕೊಂಡರು.

ಇನ್ನು 1867ರ ಆ ಚೀಟಿ. ಈಸ್ಟ್‌ಲೇಕ್ ತಮ್ಮ ಸ್ವಂತ ದುಡ್ಡಿನಲ್ಲೂ ಚಿತ್ರ ಕೊಳ್ಳುತ್ತಿದ್ದರು. ಸರ್ಕಾರದ ಖರೀದಿಗೆ ಹೋದವರು ತಮಗೂ ಕೊಂಡರೆಂದರೆ ನಾವು ಹುಬ್ಬೇರಿಸುತ್ತೇವೆ, ನಾನೂ ಏರಿಸಿದೆ. ಆದರೆ ಗಂಡ ಹೋದ ಮೇಲೆ ಎಲಿಜಬೆತ್ ಆ ಚಿತ್ರಗಳನ್ನು, ಅವರು ಕೊಟ್ಟಿದ್ದ ಹಳೆಯ ಬೆಲೆಗೇ, ಗ್ಯಾಲರಿಯ ಮುಂದಿಟ್ಟರು. ಕೆಂಪು ಬೂಟು ತೊಟ್ಟು, ಕತ್ತರಿಸಿದ ಹಾವಿನ ತಲೆ ಹಿಡಿದು ನಿಂತ ಸಂತ ಮೈಕೇಲ್ ಒಳಗೆ ಬಂದದ್ದು ಹಾಗೆ.

— ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ