ಪೆಡಲ್ ಬಂತು ಕಣಲೇ

ಲೇ ದೋಸ್ತ,

ಫೋನಲ್ಲೇ ಹೇಳಬಹುದಿತ್ತು. ನೀನು ಅರ್ಧಕ್ಕೇ ನಗೋಕೆ ಶುರು ಮಾಡ್ತೀಯ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಹರಿಹರದ ಚಪ್ಪಲಿ ಪ್ರಸಂಗ ಗೊತ್ತಿರೋ ನಾಲ್ಕು ಜನನೂ ಓದ್ಕೊಳ್ಳಲಿ.

ಓವರ್‌ಡ್ರೈವ್ ಪೆಡಲ್ ತಗೊಂಡೆ, ಕಾಲಲ್ಲಿ ಒತ್ತಿದ್ರೆ ಗಿಟಾರಿನ ದನಿ ಒಡೆಯೋ ಹಾಗೆ ಮಾಡೋ ಡಬ್ಬ. ಅರ್ಧ ಇಟ್ಟಿಗೆಯಷ್ಟಿದೆ, ಮೇಲೆ ಮೂರು ತಿರುಪು: ಡ್ರೈವ್, ಟೋನ್, ವಾಲ್ಯೂಮ್. ಅರವತ್ತರ ದಶಕದ ಮಾರ್ಷಲ್ ಆಂಪಿನ (ಗಿಟಾರಿನ ದನಿ ಜೋರು ಮಾಡೋ ಪೆಟ್ಟಿಗೆ) ದನಿ ಬರಲಿ ಅಂತ ಮಾಡಿದ್ದು. ತಮಾಷೆ ಏನಪ್ಪಾ ಅಂದ್ರೆ, ಆ ಆಂಪೇ ಒಂದು ನಕಲು. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತವನ ಹುಡುಗರು ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪನ್ನು ಮುಂದಿಟ್ಕೊಂಡು 1962ರಲ್ಲಿ ಜೆಟಿಎಂ45 ಅನ್ನೋ ಆಂಪ್ ಕಟ್ಟಿದರು. ಬಾಸ್‌ಮನ್ ಹುಟ್ಟಿದ್ದು ಬೇಸ್ ಗಿಟಾರಿಗೆ ಅಂತ! ನಕಲಿನ ನಕಲು ಈಗ ನನ್ನ ಕಾಲಡಿ ಇದೆ.

ಆ ಹಳೇ ಆಂಪಿನೊಳಗಿನ ಗಾಜಿನ ವಾಲ್ವಿಗೆ ತಾಕತ್ತು ಮೀರಿ ಗಿಟಾರಿನ ಸಿಗ್ನಲ್ ನುಗ್ಗಿಸಿದ್ರೆ ಆ ಸಿಗ್ನಲ್ ಅಲೆಯ ನೆತ್ತಿ ಚಪ್ಪಟೆಯಾಗಿ ದನಿ ಒಡೆಯುತ್ತೆ. ಒಮ್ಮೆಲೇ ಅಲ್ಲ, ಮೆಲ್ಲಗೆ. ನನ್ನ ಪೆಡಲಿನಲ್ಲಿ ವಾಲ್ವ್ ಇಲ್ಲ, ಒಂಬತ್ತು ವೋಲ್ಟಿನಲ್ಲಿ ಡಯೋಡು ಅನ್ನೋ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗಗಳೇ ಆ ಕೆಲಸ ಮಾಡ್ತವೆ. ಮೆತ್ತಗೆ ಮೀಟಿದ್ರೆ ತಿಳಿಯಾದ ದನಿ, ಗಟ್ಟಿ ಮೀಟಿದ್ರೆ ಗಂಟಲು ಕಟ್ಟಿದ ಹಾಗೆ. ದುಗ್ಗಮ್ಮನ ಜಾತ್ರೇಲಿ ಮೈಕ್‌ಸೆಟ್ಟಿನ ಹಾರ್ನು ಒದರುತ್ತಲ್ಲ, ಕಾಲೇಜಿಗೆ ಹೋಗಿ ಬಂದ ಅದರ ತಮ್ಮ ಅಂತಿಟ್ಕೋ.

ಕೆಳಗೆ ಓನರ್ ಆಂಟಿ ಮಲಗಿರ್ತಾರೆ, ನಂದೆಲ್ಲ ಹೆಡ್‌ಫೋನಲ್ಲೇ. ನಿನ್ನೆ ರಾತ್ರಿ ಡಬ್ಬ ಎತ್ತಿಡುವಾಗ ಒಳಗಿಂದ ಬಿಲ್ಲು ಬಿತ್ತು. ತಾರೀಕು ನೋಡ್ದೆ. ನೀನು ಹತ್ತು ಸಾವಿರ ಕೇಳಿ ಫೋನ್ ಮಾಡಿದ್ದರ ಮಾರನೇ ದಿನ.

ಪಿ.ಬಿ. ರಸ್ತೇಲಿ ಗಾಡಿ ಪಕ್ಕಕ್ಕೆ ಹಾಕಿ ಮಾತಾಡಿದ್ದೆ, ನೆನಪಿದೆ. "ಕೈ ಖಾಲಿ ಕಣಲೇ, ಸಂಬಳಾನೇ ಆಗಿಲ್ಲ" ಅಂದೆ. ಆಗಿತ್ತು. ನೀನು ವಾಪಸ್ ಕೊಡಲ್ಲ ಅನ್ನೋ ಭಯನೂ ಇರಲಿಲ್ಲ. ಕೊಟ್ಟಿದ್ರೆ ಪೆಡಲ್ ಇನ್ನೊಂದು ವರ್ಷ ಮುಂದಕ್ಕೆ ಹೋಗ್ತಿತ್ತು, ಅಷ್ಟೇ. ನೀನು "ಇರ್ಲಿ ಬಿಡಲೇ" ಅಂದು ಅಮ್ಮನ ಮಂಡಿನೋವು ಕೇಳಿದೆ. ಅದಕ್ಕೂ ಆರಾಮಾಗಿ ಉತ್ತರ ಕೊಟ್ಟೆ. ನನ್ನ ದನಿ ಒಂಚೂರೂ ಒಡೀಲಿಲ್ಲ. ಅಪ್ಪಟ ಕ್ಲೀನ್ ಟೋನ್.

ಇಷ್ಟು ಬರೆಯೋ ಪ್ಲ್ಯಾನ್ ಇರಲಿಲ್ಲ. ಪೆಡಲ್ ಜಂಬ ಕೊಚ್ಚಿ ಎರಡು ಫೋಟೋ ಹಾಕೋಣ ಅಂತಿದ್ದೆ. ಈಗ ನಿನ್ನ ವಿಷಯಾನೂ ಊರಿಗೆಲ್ಲ ಡಂಗುರ ಹೊಡೆದಂಗಾಯ್ತು, ಅದಕ್ಕೆ ಬೇರೆ ಬೈಕೋ.

ಭಾನುವಾರ ಬಾ. ಮಿರ್ಚಿ ಮಂಡಕ್ಕಿ ನನ್ನ ಲೆಕ್ಕ, ಎರಡನೇ ಪ್ಲೇಟೂ. ಪೆಡಲ್ ನೀನೇ ತುಳಿ, ಚಪ್ಪಲಿ ಮಾತ್ರ ಹೊರಗೆ ಬಿಡು.

ಇಂತಿ,
ಮೂರನೇ ತಂತಿ