ಸಂಜೆ ಶಟರ್ ಎಳೆದ ಮೇಲೆ ನಿಮ್ಮ ಫೈಲು ನಮ್ಮಲ್ಲಿರುವುದಿಲ್ಲ

ಪ್ರಿಯ ಗ್ರಾಹಕರೇ, ನಮಸ್ಕಾರ.

"ಮೊನ್ನೆ ಕೊಟ್ಟಿದ್ನಲ್ಲ, ಅದೇ ಆಧಾರ್ ಇನ್ನೊಂದು ಪ್ರಿಂಟ್ ತೆಗೀರಿ" ಅನ್ನುವವರು ನಮ್ಮ ಅಂಗಡಿಗೆ ಜಾಸ್ತಿ. ಇಷ್ಟು ದಿನ ಹುಡುಕಿ ತೆಗೆದುಕೊಡುತ್ತಿದ್ದೆವು. ಇನ್ನು ಮುಂದೆ ಆಗುವುದಿಲ್ಲ. ಕೌಂಟರಿನ ಎರಡೂ ಕಂಪ್ಯೂಟರ್‌ಗಳಲ್ಲಿ ನೀವು ತಂದ ಫೈಲು ಸಂಜೆ ಮಷಿನ್ ಆಫ್ ಮಾಡುವ ತನಕ ಮಾತ್ರ ಇರುತ್ತದೆ.

ಹೋದ ತಿಂಗಳು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಹಿರಿಯರೊಬ್ಬರು ಪ್ರಿಂಟಿಗೆ ಬಂದಿದ್ದರು. ಪರದೆ ಮೇಲೆ ಯಾರದೋ ಪಾನ್ ಕಾರ್ಡು, ಯಾರದೋ ಪಾಸ್‌ಬುಕ್ಕು ಸಾಲಾಗಿ ಕೂತಿದ್ದವು. "ನಂದೂ ಹಿಂಗೇ ಬಿದ್ದಿರ್ತದಲ್ಲೋ ತಮ್ಮಾ?" ಅಂದರು. ನಮಗೆ ಮಾತೇ ಹೊರಡಲಿಲ್ಲ. ದಿನಾ ಅಳಿಸಬೇಕು ಅಂದುಕೊಂಡರೂ ಗಡಿಬಿಡಿಯಲ್ಲಿ ಮರೆತುಹೋಗುತ್ತಿತ್ತು. ಅಳಿಸಿದರೂ ಅಷ್ಟೇ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಅಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೆ ಒಳಗಿನದನ್ನು ಮತ್ತೆ ಎತ್ತಬಹುದು.

ಅದಕ್ಕೆ ಈಗ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪು, ಅಂದರೆ 16 ಜಿಬಿ ರ್‍ಯಾಮ್‌ನಲ್ಲಿ 4 ಜಿಬಿಯನ್ನು ಬೇರೆ ಮಾಡಿ ಅದನ್ನೇ ಒಂದು ಡ್ರೈವ್ ಮಾಡಿದ್ದೇವೆ. ನೀವು ತಂದ ಫೈಲು ಅಲ್ಲೇ ಇರುತ್ತದೆ. ಹೊಸ ವಿದ್ಯೆಯೇನಲ್ಲ, ವಿಂಡೋಸಿಗೂ ಮೊದಲಿನ ಡಾಸ್ ಕಾಲದಲ್ಲೇ ಇತ್ತು. ವಿಂಡೋಸ್ ತಾನಾಗಿ ಕೊಡುವುದಿಲ್ಲ, ಒಂದು ಚಿಕ್ಕ ಸಾಫ್ಟ್‌ವೇರ್ ಹಾಕಿಕೊಂಡೆವು. ರ್‍ಯಾಮ್‌ನ ಕೋಶಗಳಲ್ಲಿ ಬರೆದದ್ದನ್ನು ಹಿಡಿದಿಡುವ ವಿದ್ಯುತ್ ಚಾರ್ಜ್ ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಂದು ಸಲ ಎಲ್ಲವನ್ನೂ ಮತ್ತೆ ತುಂಬಬೇಕು. ಕರೆಂಟ್ ನಿಂತರೆ ತುಂಬುವವರಿಲ್ಲ, ಬರೆದದ್ದೂ ಉಳಿಯುವುದಿಲ್ಲ. ಎಲ್ಲರೂ ಇದನ್ನು ದೋಷ ಅನ್ನುತ್ತಾರೆ. ನಮಗೆ ಬೇಕಾಗಿದ್ದೇ ಅದು. ಹೈಬರ್ನೇಟ್ ಮಾಡಿದರೆ, ಅಂದರೆ ತೆರೆದ ಕೆಲಸವನ್ನು ಹಾಗೇ ಉಳಿಸಿಕೊಂಡು ಮಷಿನ್ ಮಲಗಿಸಿದರೆ, ರ್‍ಯಾಮ್‌ನಲ್ಲಿದ್ದದ್ದು ಡಿಸ್ಕಿಗೆ ಇಳಿಯುತ್ತದೆ, ಹಾಗಾಗಿ ಅದನ್ನೂ ಬಂದ್ ಮಾಡಿದ್ದೇವೆ. ಪ್ರಿಂಟಿಗೆ ಕಳಿಸಿದ ಫೈಲು ಸರದಿಗೆ ಕಾಯುವ ಫೋಲ್ಡರನ್ನೂ ಈ ಡ್ರೈವಿಗೇ ತಂದಿದ್ದೇವೆ.

ವೇಗವೂ ಹೆಚ್ಚಿದೆ. ನಮ್ಮಂಥ ಹಾರ್ಡ್ ಡಿಸ್ಕು ಸೆಕೆಂಡಿಗೆ 100–150 ಎಂಬಿ ಓದಿದರೆ ಹೆಚ್ಚು. ಡಿಡಿಆರ್4-3200 ಅನ್ನುವ ಬಗೆಯ ರ್‍ಯಾಮ್‌ನ ಒಂದೇ ಚಾನೆಲ್ಲಿಗೆ, ಅಂದರೆ ಡೇಟಾ ಓಡಾಡುವ ಒಂದೇ ದಾರಿಗೆ, ಲೆಕ್ಕದ ಮಟ್ಟಿಗೆ 25,600 ಎಂಬಿ. ಅಷ್ಟೂ ಕೈಗೆ ಸಿಗುವುದಿಲ್ಲ, ಆದರೆ ನೂರಾರು ಸ್ಕ್ಯಾನ್ ಪುಟಗಳನ್ನು ಸೇರಿಸುವಾಗ ಗೊತ್ತಾಗುತ್ತದೆ. ಫ್ಲೆಕ್ಸ್ ಕೆಲಸಕ್ಕೆ ಮಾತ್ರ ಇದನ್ನು ಬಳಸುತ್ತಿಲ್ಲ. 10 ಅಡಿ 20 ಅಡಿ ಬ್ಯಾನರು 72 ಡಿಪಿಐಯಲ್ಲೇ (ಇಂಚಿಗೆ 72 ಚುಕ್ಕೆ) ಒಂದು ಪದರಕ್ಕೆ ಸುಮಾರು 600 ಎಂಬಿ ತಿನ್ನುತ್ತದೆ. ಅಲ್ಲಿ ರ್‍ಯಾಮನ್ನು ಕತ್ತರಿಸಿ ಡ್ರೈವ್ ಮಾಡುವುದಕ್ಕಿಂತ ನೇರ ಫೋಟೋಶಾಪಿಗೇ ಬಿಡುವುದು ವಾಸಿ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಪರೀಕ್ಷೆಗೆ ಹಾಕಿದ ಮೊದಲ ವಾರದಲ್ಲೇ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ವಿದ್ಯಾನಗರದ ಹಾಸ್ಟೆಲ್ ಹುಡುಗನೊಬ್ಬನ ಪ್ರಾಜೆಕ್ಟ್ ವರದಿಯಲ್ಲಿ ನಾವು ಟೈಪ್ ಮಾಡಿದ್ದ 14 ಪುಟ ಹಾರಿಹೋದವು. ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು, ದುಡ್ಡು ತಗೊಳ್ಳಲಿಲ್ಲ. ಯುಪಿಎಸ್ ಬ್ಯಾಟರಿ ಬದಲಾಗಿದೆ. ಜೊತೆಗೆ, ನಾವೇ ಟೈಪ್ ಮಾಡುವ, ಡಿಸೈನ್ ಮಾಡುವ ಕೆಲಸವನ್ನೆಲ್ಲ ಈಗ ಹಾರ್ಡ್ ಡಿಸ್ಕಿನಲ್ಲೇ ಇಡುತ್ತೇವೆ. ಮದುವೆ ಕಾರ್ಡು, ಬಿಲ್ ಪುಸ್ತಕದ ಡಿಸೈನು ಕೇಳಿದರೆ ಮೊದಲಿನಂತೆ ಸಿಗುತ್ತವೆ.

ಉಳಿದದ್ದಕ್ಕೆ ಪೆನ್ ಡ್ರೈವ್ ತನ್ನಿ. ನಮ್ಮಲ್ಲಿ ಸ್ಕ್ಯಾನ್ ಮಾಡಿಸಿದರೆ ಹೊರಡುವ ಮೊದಲೇ ಪ್ರತಿ ಹಾಕಿಸಿಕೊಳ್ಳಿ, ಸಂಜೆ ಫೋನ್ ಮಾಡಿ ಕೇಳಿದರೆ ನಮ್ಮ ಹತ್ತಿರ ಏನೂ ಇರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಅಂಗಡಿ ಫೋನಿನಲ್ಲಿ ಉಳಿಯುತ್ತದೆ, ಅದಕ್ಕೆ ಈ ಉಪಾಯ ನಡೆಯುವುದಿಲ್ಲ. ಪ್ರಿಂಟ್ ಕೈಗೆ ಬಂದ ಮೇಲೆ "ಅಳಿಸಿ" ಅನ್ನಿ, ನಿಮ್ಮೆದುರೇ ಅಳಿಸುತ್ತೇವೆ.

ಇಂತಿ,
ಕೌಂಟರಿನವರು, ದಾವಣಗೆರೆ